ಗಿಲಾವಿಗೆ ಮುಂಚಿನ ಮೂರು ದಿನ

ತಮ್ಮನ ಲಗ್ನದ ದಿನ ಗೊತ್ತಾದಾಗ ಹಂದರ ಹಾಕಲು ಉಳಿದಿದ್ದು 26 ದಿನ. ಅಷ್ಟರೊಳಗೆ ಮನೆಯ ಹಳೆ ವೈರಿಂಗ್ ಕಿತ್ತು ಹೊಸದು ಹಾಕಿಸಬೇಕು, ಗಿಲಾವು ಆಗಬೇಕು, ನೆಲಕ್ಕೆ ಟೈಲ್ಸ್, ಆಮೇಲೆ ಬಣ್ಣ. ನಮ್ಮ ಕಡೆ ಪ್ಲಾಸ್ಟರಿಗೆ ಗಿಲಾವು ಅಂತಾರೆ. ಅಪ್ಪನಿಗೆ ಮೊಣಕಾಲು ನೋವು. ತಮ್ಮನದು ಪುಣೆಯಲ್ಲಿ ನೌಕರಿ. ಹಾಗಾಗಿ ನಾನು ಹುಬ್ಬಳ್ಳಿಯಿಂದ ರಜೆ ಹಾಕಿ ಬಾಗಲಕೋಟೆಗೆ ಬಂದೆ.

ಎಲ್ಲರ ತಲೆಯಲ್ಲೂ ಟೈಲ್ಸ್, ಬಣ್ಣ, ಅಡುಗೆಮನೆ ಕಟ್ಟೆಯ ಗ್ರಾನೈಟ್. ವೈರಿಂಗ್ ಅಂದರೆ ಅಂಗಡಿಗೆ ಹೋಗಿ ಸ್ವಿಚ್ಚು ಆರಿಸುವುದು ಅಂತಷ್ಟೇ ನಾನೂ ತಿಳಿದಿದ್ದೆ. ಆ ಸ್ವಿಚ್ಚಿನ ಹಿಂದೆ ಗೋಡೆಯೊಳಗೆ ಒಂದು ತಗಡಿನ ಡಬ್ಬಿ ಇರುತ್ತದೆ. ಅದನ್ನು ಎಲ್ಲರೂ ಬಾಕ್ಸ್ ಅಂತಲೇ ಕರೆಯುತ್ತಾರೆ. ಕರೆಂಟಿನ ಕೆಲಸ ಚೆನ್ನಾಗಿ ಬಾಳುತ್ತದೋ ಇಲ್ಲವೋ ಅನ್ನುವುದು ಬಹಳಷ್ಟು ಆ ಬಾಕ್ಸ್ ಕೂರಿಸುವ ಹೊತ್ತಿಗೇ ತೀರ್ಮಾನ ಆಗಿಬಿಡುತ್ತದೆ. ಗೋಡೆ ಕೊರೆದ ಮೇಲೆ, ಗಿಲಾವು ಬೀಳುವ ಮುಂಚೆ, ಎರಡು ಮೂರು ದಿನ ಸಿಗುತ್ತವೆ. ಆ ದಿನಗಳ ಬಗ್ಗೆಯೇ ಬರೆಯುತ್ತಿದ್ದೇನೆ. ಮನೆ ರಿಪೇರಿಗೆ ಕೈ ಹಾಕಿರುವವರಿಗೆ ಉಪಯೋಗಕ್ಕೆ ಬರಲಿ.

ವೈರಿಂಗ್ ಬದಲಾಯಿಸಲು ಕಾರಣ ಲಗ್ನ ಅಲ್ಲ, ಅವ್ವನ ಚಪ್ಪಲಿ. ಎರಡು ವರ್ಷದಿಂದ ಅವ್ವ ಫ್ರಿಜ್ ತೆಗೆಯುವ ಮುಂಚೆ ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅಡುಗೆಮನೆ ಬಾಗಿಲ ಹಿಂದೆ ಒಂದು ಜೊತೆ ಹವಾಯಿ ಚಪ್ಪಲಿ ಅದಕ್ಕಂತಲೇ ಇತ್ತು. ಒಲೆ ಇರುವ ಕಡೆ ಚಪ್ಪಲಿ ತರಲು ಯಾರಿಗೂ ಬಿಡದ ಹೆಂಗಸು ನಮ್ಮವ್ವ. ಯಾಕೆ ಅಂತ ಈ ಸಲ ಕೇಳಿದರೆ, "ಮುಟ್ಟಿದ್ರ ಜುಮ್ ಅಂತೈತಿ ಅಷ್ಟ, ಏನೂ ಆಗಂಗಿಲ್ಲ" ಅಂದಳು. ಬಂದು ಹೋಗುವಾಗೆಲ್ಲ ನಾನು ಆ ಚಪ್ಪಲಿ ನೋಡಿದ್ದೆ. ಅಲ್ಲಿ ಯಾಕಿದೆ ಅಂತ ಅಲ್ಲಿತನಕ ಒಮ್ಮೆಯೂ ಕೇಳಿರಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮೊದಲ ದಿನ ಮೇನ್ ಬಂದ್ ಮಾಡಿ ವಾಯರ್‌ಮನ್ ಅಡುಗೆಮನೆಯ ಬೋರ್ಡು ಬಿಚ್ಚಿದರು. ಮೇಲೆ ಸನ್ಮೈಕಾ ಹಾಳೆ, ಒಳಗೆ ಕಟ್ಟಿಗೆಯ ಪೆಟ್ಟಿಗೆ. ಪೆಟ್ಟಿಗೆಯ ಮೂರು ಬದಿ ಗೆದ್ದಲು ತಿಂದಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಫ್ರಿಜ್ಜಿನ ಸಾಕೆಟ್ಟಿನ ಹಿಂದೆ ಎರಡು ವೈರು ಇದ್ದವು, ಮೂರನೆಯ ಪಿನ್ನಿನ ಜಾಗ ಖಾಲಿ. ವಾಯರ್‌ಮನ್ ಟಾರ್ಚ್ ಹಿಡಿದು ಮೂಲೆಗೆ ಬೆರಳು ತೋರಿಸಿದರು. ಹಸಿರು ವೈರು, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವ ಅರ್ಥಿಂಗ್ ವೈರು, ಅಲ್ಲೇ ಇತ್ತು. ಭೂಮಿಯಿಂದ ಇಲ್ಲಿತನಕ ಎಳೆದು ತಂದಿದ್ದಾರೆ. ತಂದವರು ಅದನ್ನು ನೀಟಾಗಿ ಉಂಗುರದಂತೆ ಸುತ್ತಿ, ಯಾವುದಕ್ಕೂ ಜೋಡಿಸದೆ, ಪೆಟ್ಟಿಗೆಯ ಮೂಲೆಗೆ ಸಿಕ್ಕಿಸಿ ಬಿಟ್ಟಿದ್ದರು. ಸುತ್ತಿದ ಆಕಾರ ಹಾಗೇ ಇತ್ತು. ತುದಿಯ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ.

ನಾನು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತೆ. ಒಂದು ಸ್ಕ್ರೂ ಬಿಗಿ ಮಾಡುವಷ್ಟು ಕೆಲಸ ಉಳಿದಿತ್ತು. ಎರಡು ನಿಮಿಷ ಸಾಕಿತ್ತು.

ಆ ಎರಡು ನಿಮಿಷ ಯಾಕೆ ಸಿಗಲಿಲ್ಲ ಅನ್ನುವುದನ್ನು ಅಪ್ಪ ಹೇಳಿದರು. ಈ ಮನೆ ಕಟ್ಟಿದ್ದು 2001ರಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆ ಅಂತ ಘಟಪ್ರಭೆಯ ದಂಡೆಯ ಹಳೆ ಊರಿನ ಓಣಿಗಳು ಖಾಲಿಯಾಗುತ್ತಿದ್ದ ಕಾಲ. ಹಳೆ ಮನೆಯ ಬಾಗಿಲು, ತೊಲೆ, ಕಿಟಕಿ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿ, ಮನೆ ಮುಳುಗುವವರಿಗಾಗಿ ಎದ್ದ ಹೊಸ ಬಡಾವಣೆ ನವನಗರಕ್ಕೆ ತರುತ್ತಿದ್ದರು. ನಮ್ಮ ಸೆಕ್ಟರಿನಲ್ಲಿ ಒಂದೇ ಸಲಕ್ಕೆ ಎಷ್ಟೋ ಮನೆ ಏಳುತ್ತಿದ್ದವು. ಗೋಡೆ ಕಟ್ಟುವ ಗೌಂಡಿ ಸಿಗುತ್ತಿರಲಿಲ್ಲ, ವೈರಿಂಗ್ ಮಾಡುವವರಂತೂ ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು. "ಲೈಟ್ ಹತ್ತಿದ್ರ ಸಾಕಾಗಿತ್ತವಾ ಆವಾಗ" ಅಂದರು ಅಪ್ಪ. ಲೈಟ್ ಹತ್ತಿತು. ಹಾಗಾಗಿ 20 ವರ್ಷಕ್ಕೂ ಹೆಚ್ಚು ಕಾಲ ಆ ಬೋರ್ಡನ್ನು ಯಾರೂ ಬಿಚ್ಚಲಿಲ್ಲ.

ಮುಳುಗಿ ಹೋದ ಹಳೆ ಮನೆಯ ವೈರಿಂಗ್ ನನಗೆ ನೆನಪಿದೆ. ಗೋಡೆಯ ಮೇಲೇ ಉದ್ದಕ್ಕೆ ಕಟ್ಟಿಗೆ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹಿಡಿದ ವೈರು, ಕೊನೆಗೆ ದುಂಡನೆ ಕಟ್ಟಿಗೆಯ ಮೇಲೆ ಕರಿ ಸ್ವಿಚ್ಚು. ನೋಡಲು ಚಂದ ಇರಲಿಲ್ಲ. ಆದರೆ ಯಾವ ವೈರು ಎಲ್ಲಿಗೆ ಹೋಗುತ್ತದೆ ಅಂತ ಸಣ್ಣ ಹುಡುಗರಿಗೂ ಗೊತ್ತಾಗುತ್ತಿತ್ತು. ಕ್ಲಿಪ್ ಬಿಚ್ಚಿದರೆ, ಬಟ್ಟೆ ಸುಟ್ಟ ವಾಸನೆ ಬಂದರೆ, ಕಣ್ಣೆತ್ತಿ ನೋಡಿದರೆ ಸಾಕು. ಈಗ ಎಲ್ಲವನ್ನೂ ಗೋಡೆಯೊಳಗೆ ಹಾಕಿ ಗಿಲಾವು ಮಾಡುತ್ತೇವೆ. ತಪ್ಪೂ ಅದರ ಜೊತೆಗೇ ಒಳಗೆ ಹೋಗುತ್ತದೆ. ಈ ಸಲವೂ ನಮಗೆ ಅವಸರ ಇತ್ತು. ಅವತ್ತಿನ ಅವಸರ ನೀರಿನದು, ಇವತ್ತಿನದು ಲಗ್ನದ್ದು. ಆ ಹಸಿರು ಉಂಗುರ ನೋಡಿದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ. ಬಣ್ಣ ಬೇಕಾದರೆ ಒಂದು ಕೈ ಕಡಿಮೆ ಆಗಲಿ, ಬಾಕ್ಸಿನ ಕೆಲಸದಲ್ಲಿ ಓಡುವುದು ಬೇಡ.

ಮೊದಲು ಮಾಡಿದ್ದು ಪೆನ್ಸಿಲ್ ಹಿಡಿದು ಮನೆ ಸುತ್ತಿದ್ದು. ಎಲ್ಲಿ ಬಾಕ್ಸ್ ಬೇಕು ಅಂತ ಗೋಡೆಯ ಮೇಲೆ ಗುರುತು. ಇದಕ್ಕೆ ವಾಯರ್‌ಮನ್ ಒಬ್ಬರೇ ಸಾಲದು. ಆ ಕೋಣೆಯಲ್ಲಿ ಬದುಕುವವರು ಜೊತೆಗೆ ಬರಬೇಕು. ಅಡುಗೆಮನೆಯಲ್ಲಿ ಹಳೆ ಬೋರ್ಡು ಐದು ಅಡಿ ಮೇಲೆ ಇತ್ತು. ಮಕ್ಕಳಿಗೆ ನಿಲುಕಬಾರದು ಅಂತ ಆಗ ಹಾಗೆ ಹಾಕುತ್ತಿದ್ದರು. ಮಕ್ಕಳು ದೊಡ್ಡವರಾಗಿ ಊರು ಬಿಟ್ಟೆವು. ಅವ್ವನ ಭುಜ ಮಾತ್ರ ಈಗ ಅಷ್ಟು ಮೇಲೆ ಏಳುವುದಿಲ್ಲ. ಅವಳನ್ನು ಕಟ್ಟೆಯ ಮುಂದೆ ನಿಲ್ಲಿಸಿ "ಮಿಕ್ಸರ್ ಹಾಕುವಾಗ ಕೈ ಎಲ್ಲಿಗೆ ಹೋಗುತ್ತೆ, ಸುಮ್ನೆ ತೋರಿಸು" ಅಂದೆ. ಅವಳು ಕಣ್ಣು ಮುಚ್ಚಿ ಕೈ ಚಾಚಿದಳು. ಬೆರಳು ತಾಗಿದ ಕಡೆ ವಾಯರ್‌ಮನ್ ಗೀಟು ಹಾಕಿದರು. ಕಟ್ಟೆಯಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ. ಸಿಂಕಿನಿಂದ ದೂರ.

ಅಪ್ಪನ ಮಂಚದ ಬದಿಗೆ ಒಂದು ಬಾಕ್ಸ್ ಹಾಕಿಸಿದೆವು. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮೊದಲೇ ಲೈಟ್ ಹತ್ತಬೇಕು. ದೇವರ ಕೋಣೆಯಲ್ಲಿ ಸಣ್ಣದೊಂದು. ಉಳಿದವು ಬೇಗ ಬೇಗ ಮುಗಿದವು. ಎಲ್ಲ ಸೇರಿ 38 ಬಾಕ್ಸ್.

ಆಮೇಲೆ ಎತ್ತರ. ಇಲ್ಲಿ ನಾವು ಅರ್ಧ ದಿನ ಕಳೆದುಕೊಂಡೆವು. ಪಡಸಾಲೆಯಲ್ಲಿ ನೆಲಕ್ಕೆ ಹಾಸಿದ ಹಳೆ ಶಹಾಬಾದ ಪರಶಿ ಕಲ್ಲು ಇನ್ನೂ ಇತ್ತು, ಕೋಣೆಯಲ್ಲಿ ಕಿತ್ತು ಹಾಕಿದ್ದೆವು. ವಾಯರ್‌ಮನ್ ಜೊತೆಗಿದ್ದ ಹುಡುಗ ಎರಡೂ ಕಡೆ ಕಾಲಡಿಯ ನೆಲದಿಂದಲೇ ನಾಲ್ಕು ಅಡಿ ಅಳೆದಿದ್ದ. ಬಾಗಿಲ ನಡುವೆ ನಿಂತು ನೋಡಿದರೆ ಒಂದು ಗುರುತು ಮೇಲೆ, ಒಂದು ಕೆಳಗೆ. ಹೊಸ ಟೈಲ್ಸ್ ಬಂದ ಮೇಲೆ ನೆಲ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಂದ ಅಳೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಎಲ್ಲ ಅಳಿಸಿದೆವು. ನೀರು ತುಂಬಿದ ಲೆವೆಲ್ ಪೈಪು ಹಿಡಿದು, ಹೊಸ ನೆಲದ ಮಟ್ಟದಿಂದ ಮೂರು ಅಡಿಗೆ ಮನೆ ಸುತ್ತ ಗುರುತು ಹಾಕಿದೆವು. ಹುರಮಂಜದಲ್ಲಿ ಅದ್ದಿದ ದಾರ ಎಳೆದು ಬಿಟ್ಟಾಗ ಗೋಡೆಯ ಮೇಲೆ ಕೆಂಪು ಗೆರೆ ಮೂಡಿತು. ಆಮೇಲೆ ಪ್ರತಿ ಬಾಕ್ಸಿನ ಎತ್ತರವನ್ನೂ ಆ ಗೆರೆಯಿಂದಲೇ ಅಳೆದೆವು. ನೆಲ ನಂಬಬೇಡಿ, ಗೆರೆ ಹಾಕಿಸಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಗೋಡೆ ಕೊರೆಯುವುದು ಅಂದರೆ ಧೂಳು. ಏಪ್ರಿಲ್ ಬಿಸಿಲು ಬೇರೆ. ನಡುನಡುವೆ ಕರೆಂಟ್ ಹೋಗಿ ಮಷಿನ್ ನಿಲ್ಲುತ್ತಿತ್ತು. ನಮ್ಮ ಹೊರಗೋಡೆಗಳು ಕಲ್ಲಿನವು, ಒಳಗೋಡೆಗಳು ಇಟ್ಟಿಗೆಯವು. ಇಟ್ಟಿಗೆ ಬೆಣ್ಣೆಯ ಹಾಗೆ ಕೊರೆಯಿತು. ಕಲ್ಲಿನಲ್ಲಿ ಮಷಿನ್ನಿನ ಬ್ಲೇಡು ಕಿಡಿ ಹಾರಿಸಿತೇ ಹೊರತು ಇಳಿಯಲಿಲ್ಲ. ಅಲ್ಲಿ ಚಾಣ, ಸುತ್ತಿಗೆಯೇ ಗತಿ. ವಾಯರ್‌ಮನ್ ಕಲ್ಲಿನ ಜೊತೆ ಗುದ್ದಾಡಲಿಲ್ಲ. ಎರಡು ಕಲ್ಲಿನ ನಡುವಿನ ಸಂದು ಹುಡುಕಿ ವೈರು ಹೋಗುವ ಪೈಪು ಅದರಲ್ಲೇ ಇಳಿಸಿದರು. ಸಣ್ಣ ಕಲ್ಲು ಕೂಡಿದ ಕಡೆ ಬಾಕ್ಸ್ ಇಟ್ಟರು. ಅದಕ್ಕಾಗಿ ಒಂದು ಬಾಕ್ಸನ್ನು ನಾಲ್ಕು ಇಂಚು ಸರಿಸಿದೆವು. ದೊಡ್ಡ ಕಲ್ಲನ್ನು ಅಲುಗಾಡಿಸುವುದಕ್ಕಿಂತ ಅದು ಎಷ್ಟೋ ಒಳ್ಳೆಯದು.

ಇಟ್ಟಿಗೆ ಮೆತ್ತಗೆ ಅಂತ ಮನಸ್ಸಿಗೆ ಬಂದಷ್ಟು ಕೊರೆಯಬಾರದು. ನಮ್ಮಲ್ಲಿ ಗೋಡೆ ಕಟ್ಟುವುದಕ್ಕೆ ಐಎಸ್ 1905 ಅನ್ನುವ ಮಾನಕ ಇದೆ. ಭಾರ ಹೊರುವ ಗೋಡೆಯಲ್ಲಿ ಮೇಲಿಂದ ಕೆಳಗೆ ಕೊರೆದರೆ ಗೋಡೆಯ ದಪ್ಪದ ಮೂರರಲ್ಲಿ ಒಂದು ಪಾಲು, ಅಡ್ಡ ಕೊರೆದರೆ ಆರರಲ್ಲಿ ಒಂದು ಪಾಲು, ಅದಕ್ಕಿಂತ ಆಳ ಹೋಗಬಾರದು ಅನ್ನುತ್ತದೆ. ಅಡ್ಡ ಕೊರೆಯುವುದನ್ನು ಆದಷ್ಟು ಬಿಟ್ಟೇಬಿಡಿ ಅಂತಲೂ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. ಒಂಬತ್ತು ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಸಿಗುವುದು ಒಂದೂವರೆ ಇಂಚು. ನಾಲ್ಕೂವರೆ ಇಂಚಿನದರಲ್ಲಿ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್. ಪೈಪೇ 20 ಮಿಲಿಮೀಟರ್ ಇರುತ್ತದೆ! ಅವಸರದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಅಡ್ಡ ಕೊರೆದರೆ ಪೈಪು ಉಳಿಯುತ್ತದೆ, ಸಮಯ ಉಳಿಯುತ್ತದೆ. ನಾವು ಮೇಲೆ ಹತ್ತಿ, ಛತ್ತಿನ ಹತ್ತಿರ ತಿರುಗಿ, ಮತ್ತೆ ಕೆಳಗೆ ಇಳಿದೆವು. ಪೈಪು ಜಾಸ್ತಿ ಹೋಯಿತು, ಹೋಗಲಿ. ಇದರಲ್ಲಿ ಇನ್ನೂ ಒಂದು ಲಾಭ ಇದೆ. ಎಲ್ಲ ಪೈಪೂ ಬೋರ್ಡಿನ ನೇರಕ್ಕೆ ಮೇಲೆ ಹೋಗಿದ್ದರೆ, ನಾಳೆ ಮೊಳೆ ಹೊಡೆಯುವವರಿಗೆ ಎಲ್ಲಿ ಹೊಡೆಯಬಾರದು ಅಂತ ಊಹೆಗೆ ಸಿಗುತ್ತದೆ.

ಪಡಸಾಲೆ ಮತ್ತು ಅಪ್ಪನ ಕೋಣೆಯ ನಡುವಿನ ಗೋಡೆ ನಾಲ್ಕೂವರೆ ಇಂಚಿನದು. ಅದು ಛತ್ತಿನ ಭಾರ ಹೊರುವುದಿಲ್ಲ. ಆದರೂ ಅಲ್ಲೇ ನಾವು ಎಡವಿದ್ದು. ಪಡಸಾಲೆ ಕಡೆ ಟಿವಿಗೆ ಒಂದು ಬಾಕ್ಸ್, ಅದರ ಬೆನ್ನಿಗೇ ಕೋಣೆ ಕಡೆ ಇನ್ನೊಂದು. ಕಾಗದದ ಮೇಲೆ ಎರಡೂ ಬೇರೆ ಬೇರೆ ಹಾಳೆಯಲ್ಲಿ ಇದ್ದವು, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ. ಬಾಕ್ಸಿನ ಆಳ ಸುಮಾರು ಎರಡು ಇಂಚು. ಎರಡು ಬಾಕ್ಸಿಗೆ ನಾಲ್ಕು. ಉಳಿಯುವುದು ಅರ್ಧ ಇಂಚು. ಹುಡುಗ ಪಡಸಾಲೆ ಕಡೆಯಿಂದ ಚಾಣ ಇಟ್ಟು ಹೊಡೆದ. ಅಂಗೈಯಷ್ಟು ಇಟ್ಟಿಗೆ ಆಚೆ ಬಿದ್ದು ಗೋಡೆಯಲ್ಲಿ ತೂತಾಯಿತು. ತೂತಿನಲ್ಲಿ ಅಪ್ಪನ ಕನ್ನಡಕ ಕಂಡಿತು. ಮಂಚದ ಮೇಲೆ ಪೇಪರ್ ಓದುತ್ತಿದ್ದವರು ಬಗ್ಗಿ ನೋಡುತ್ತಿದ್ದರು. ಪೇಪರಿನ ಮೇಲೆಲ್ಲ ಕೆಂಪು ಪುಡಿ. "ಯಾರಿಗೂ ಬಡಿಲಿಲ್ಲಲ್ಲ?" ಅಂತ ಅವರೇ ಕೇಳಿದರು. ನನ್ನ ಎದೆ ಆಮೇಲೂ ಹೊಡೆದುಕೊಳ್ಳುತ್ತಲೇ ಇತ್ತು. ಕೋಣೆಯ ಬಾಕ್ಸನ್ನು ಒಂದು ಇಟ್ಟಿಗೆಯ ಉದ್ದ, ಅಂದರೆ ಒಂಬತ್ತು ಇಂಚು, ಪಕ್ಕಕ್ಕೆ ಸರಿಸಿದೆವು. ತೂತಿಗೆ ನೀರು ಹೊಡೆದು ಇಟ್ಟಿಗೆ ಚೂರು, ಸಿಮೆಂಟ್ ಮಾಲು ತುಂಬಿ ಎರಡು ದಿನ ಮುಟ್ಟಲಿಲ್ಲ.

ಬಾಕ್ಸ್ ಕೂರಿಸುವುದು ನೋಡಲು ಸುಲಭ. ಆದರೆ ಅದರ ಬಾಯಿ ಈಗಿನ ಗೋಡೆಗೆ ಸಮ ಇರಬಾರದು, ಮುಂದೆ ಬರುವ ಗಿಲಾವಿಗೆ ಸಮ ಇರಬೇಕು. ಇನ್ನೂ ಇಲ್ಲದ ಮೇಲ್ಮೈಗೆ ಅದನ್ನು ಹೊಂದಿಸಬೇಕು. ಅದಕ್ಕೆ ಗೌಂಡಿ ಮೊದಲೇ ಬಂದು, ಗಿಲಾವು ಎಷ್ಟು ದಪ್ಪ ಬರುತ್ತದೆ ಅಂತ ಗೋಡೆಗೆ ಅಲ್ಲಲ್ಲಿ ಟೈಲ್ಸ್ ಚೂರು ಅಂಟಿಸಿ ಹೋಗಬೇಕು. ಎರಡು ಚೂರಿನ ಮೇಲೆ ಉದ್ದನೆ ಪಟ್ಟಿ ಇಟ್ಟರೆ ಬಾಕ್ಸಿನ ಬಾಯಿ ಅದಕ್ಕೆ ತಾಗಬೇಕು. ತಾಗಿ ನಿಲ್ಲಬೇಕು, ದಾಟಬಾರದು.

ಬಾಕ್ಸ್ ಒಳಗೆ ಹೋದರೆ ಏನಾಗುತ್ತದೆ? ಪ್ಲೇಟಿನ ಜೊತೆ ಬರುವ ಸ್ಕ್ರೂ ನಿಲುಕುವುದಿಲ್ಲ. ಎರಡು ಸುತ್ತು ಹಿಡಿದರೆ ಅದೇ ದೊಡ್ಡದು. ಪ್ಲಗ್ ಎಳೆದಾಗೆಲ್ಲ ಸಾಕೆಟ್ಟು ಅಲುಗುತ್ತದೆ, ಅದರ ಹಿಂದಿನ ವೈರೂ ಅಲುಗುತ್ತದೆ. ದಿನಾ ಅಲುಗಿದರೆ ಬಿಗಿ ಸಡಿಲ ಆಗುತ್ತದೆ. ಸಡಿಲಾದ ಕಡೆ ಕರೆಂಟ್ ಹರಿದರೆ ಕಾವು ಏರುತ್ತದೆ. ಲೈಟಿನ ಸ್ವಿಚ್ಚಿಗೆ ಅಷ್ಟು ಗೊತ್ತಾಗುವುದಿಲ್ಲ. ಎರಡು ಸಾವಿರ ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಎಂಟೂವರೆ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಅಲ್ಲಿ ಸಾಕೆಟ್ಟು ಕರಗುತ್ತದೆ. ನಮ್ಮ ಹಳೆ ಬಚ್ಚಲಿನ ಸಾಕೆಟ್ಟು ಕಪ್ಪಾಗಿದ್ದು ಹಾಗೇ.

ಇನ್ನು ಕೆಲವು ಕಣ್ಣಿಗೆ ಬಿದ್ದದ್ದು. ಪೈಪು ಬಾಕ್ಸಿನ ತೂತಿನೊಳಗೆ ಸ್ವಲ್ಪ ಬರಬೇಕು. ಹೊರಗೇ ನಿಂತರೆ ಮಾಲು ಪೈಪಿನೊಳಗೆ ಇಳಿದು, ಆಮೇಲೆ ವೈರು ಎಳೆಯುವಾಗ ಅಳುವ ಸರದಿ ನಮ್ಮದು. ತೂತಿನ ತಗಡು ಚೂಪಾಗಿರುತ್ತದೆ, ವೈರಿನ ಮೈ ಸುಲಿಯುತ್ತದೆ. ಬೇಗ ಗಟ್ಟಿ ಆಗುತ್ತದೆ ಅಂತ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಹಾಕಿ ಬಾಕ್ಸ್ ಕೂರಿಸುವವರು ಇದ್ದಾರೆ. ಅದು ತೇವ ಕುಡಿದರೆ ಮೆತ್ತಗಾಗುತ್ತದೆ. ನಾನು ಸಿಮೆಂಟೇ ಆಗಬೇಕು ಅಂತ ಹಟ ಹಿಡಿದೆ. ಪ್ರತಿ ಬಾಕ್ಸಿನ ಒಳಗೆ ಅರ್ಥಿಂಗಿಗೆ ಒಂದು ಸ್ಕ್ರೂ ಇರಬೇಕು. ತಗಡಿನ ಬಾಕ್ಸಿಗೂ ಹಸಿರು ವೈರು ಹೋಗಬೇಕು, ಬರೀ ಸಾಕೆಟ್ಟಿಗೆ ಅಲ್ಲ. ಆ ಸ್ಕ್ರೂ ಇದೆಯೋ ಇಲ್ಲವೋ, ತಿರುಗುತ್ತದೋ ಇಲ್ಲವೋ ಅಂತ 38 ಬಾಕ್ಸನ್ನೂ ಕೂರಿಸುವ ಮುಂಚೆ ನಾನೇ ಒಂದೊಂದಾಗಿ ತಿರುಗಿಸಿ ನೋಡಿದೆ.

ಗೌಂಡಿ ಹೇಳಿದ ದಿನಕ್ಕಿಂತ ಎರಡು ದಿನ ಮುಂಚೆ ಬಂದುಬಿಟ್ಟರು. ಬೇರೆ ಕಡೆಯ ಕೆಲಸ ಮುಂದೆ ಹೋಗಿತ್ತಂತೆ. ಅಪ್ಪನಿಗೆ ಖುಷಿ, ಹಂದರ ಹತ್ತಿರ ಬರುತ್ತಿದೆ ಅಲ್ವಾ. ನನಗೆ ಜೀವ ಹಾರಿತು. ಇನ್ನೂ ಏಳು ಬಾಕ್ಸ್ ಕೂರಿಸಿರಲಿಲ್ಲ. ಬಂದವರನ್ನು ವಾಪಸ್ ಕಳಿಸುವ ಹಾಗಿಲ್ಲ. ಹಿತ್ತಲ ಗೋಡೆಯ ಗಿಲಾವು ಮೊದಲು ಮಾಡಿ ಅಂತ ಕೇಳಿಕೊಂಡೆ. ಅಷ್ಟರಲ್ಲಿ ಅವ್ವ, ನಾನು, ಪಕ್ಕದ ಮನೆಯ ಕಾಕು ಮೂವರೂ ಕೂತು ಹಳೆ ಪೇಪರ್ ಮುದ್ದೆ ಮಾಡಿ ಬಾಕ್ಸಿಗೆ ತುರುಕಿದೆವು. ಮಾಲು ಒಳಗೆ ಬೀಳಬಾರದು, ಸ್ಕ್ರೂ ತೂತು ಮುಚ್ಚಬಾರದು ಅಂತ. ಒಂದೊಂದು ಬಾಕ್ಸಿನ ಪಕ್ಕದಲ್ಲೂ ಅಳತೆ ಟೇಪು ಹಿಡಿದು ಫೋಟೊ ತೆಗೆದೆ. ನೆಲದಿಂದ ಎಷ್ಟು, ಬಾಗಿಲ ಚೌಕಟ್ಟಿನಿಂದ ಎಷ್ಟು, ಪೈಪು ಯಾವ ಕಡೆ ಹೋಗಿದೆ. ಆ ಫೋಟೊ ತೆಗೆಯಲು ಒಂದು ತಾಸೂ ಹಿಡಿಯಲಿಲ್ಲ.

ಅವು ಮರುದಿನವೇ ಕೆಲಸಕ್ಕೆ ಬಂದವು. ಸಂಜೆ ಎಣಿಸಿದರೆ 37 ಬಾಯಿ. ಒಂದು ಬಾಕ್ಸಿನ ಮೇಲೆ ಗಿಲಾವು ಎಳೆದುಬಿಟ್ಟಿದ್ದರು. ಗೋಡೆ ನುಣ್ಣಗೆ, ಎಲ್ಲಿ ಅಂತ ಹುಡುಕುವುದು? ಹಿಂದಿನ ದಿನದ ಫೋಟೊ ತೆರೆದು ನೋಡಿದೆ. ಚೌಕಟ್ಟಿನಿಂದ 11 ಇಂಚು, ಕೆಂಪು ಗೆರೆಯಿಂದ ಒಂದು ಅಡಿ ಮೇಲೆ. ಗೆರೆ ಗಿಲಾವಿನ ಅಡಿ ಹೋಗಿತ್ತು, ಪಕ್ಕದ ಗೋಡೆಯಲ್ಲಿ ಇನ್ನೂ ಇತ್ತು. ಅಲ್ಲಿಂದ ದಾರ ಹಿಡಿದೆವು. ಗೌಂಡಿ ಕರಣೆಯ ತುದಿಯಲ್ಲಿ ಮೆಲ್ಲಗೆ ಒತ್ತಿದರು. ಹಸಿ ಮಾಲು ಕುಸಿದು ಒಳಗಿನಿಂದ ಪೇಪರಿನ ಮುದ್ದೆ ಇಣುಕಿತು.

ಪಡಸಾಲೆಯ ಕಲ್ಲಿನ ಗೋಡೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಕಲ್ಲು ಏರುತಗ್ಗು, ಗಿಲಾವು ಅಂದುಕೊಂಡದ್ದಕ್ಕಿಂತ ದಪ್ಪ ಬಂತು. ಐದು ಬಾಕ್ಸ್ ಅರ್ಧ ಇಂಚು ಒಳಗೆ ಹೋಗಿದ್ದವು. "ಪ್ಲೇಟ್ ಮುಚ್ಚತೈತ್ರಿ ಅಕ್ಕಾರ, ಏನೂ ಕಾಣಂಗಿಲ್ಲ" ಅಂದರು ವಾಯರ್‌ಮನ್. ಅವರು ಒಳ್ಳೆಯ ಕೆಲಸಗಾರರು, ದಣಿದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಸಿರು ಉಂಗುರ ಕಣ್ಣ ಮುಂದೆ ಬಂತು. ಅವತ್ತೂ ಮೇಲಿನ ಸನ್ಮೈಕಾ ಎಲ್ಲವನ್ನೂ ಮುಚ್ಚಿತ್ತು. ಐದರಲ್ಲಿ ಮೂರಕ್ಕೆ ದೊಡ್ಡ ಸಾಕೆಟ್ಟು ಬರುವುದಿತ್ತು. ಆ ಮೂರನ್ನು ಒಡೆಸಿ ಮುಂದೆ ತಂದು ಮತ್ತೆ ಕೂರಿಸಿದೆವು. ಬರೀ ಲೈಟಿನ ಎರಡಕ್ಕೆ ಉದ್ದನೆ ಸ್ಕ್ರೂ ತಂದು, ಹಿಂದೆ ಬಿಗಿ ಕೊಟ್ಟು ಕೂರಿಸಿದೆವು. ಐದನ್ನೂ ಒಡೆಸಬೇಕಿತ್ತೇನೋ. ಆದರೆ ದಿನ ಉಳಿದಿರಲಿಲ್ಲ.

ವೈರು ಎಳೆದರು. ಲೈಟಿಗೆ ಒಂದೂವರೆ, ಸಾಕೆಟ್ಟಿಗೆ ಎರಡೂವರೆ, ಗೀಸರಿಗೆ ನಾಲ್ಕು ಚದರ ಮಿಲಿಮೀಟರಿನದು. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ಹೊಸದಾಗಿ ತೋಡಿಸಿದೆವು. ಮೇನ್ ಹತ್ತಿರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂತಿತು. ಮೈಗೆ ಕರೆಂಟ್ ಸೋರಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದಾಗ ಮನೆಯೆಲ್ಲ ಟಕ್ ಅಂತ ಕತ್ತಲಾಯಿತು. ಅವ್ವನಿಗೆ ಅದನ್ನು ಮೂರು ಸಲ ಮಾಡಿ ತೋರಿಸಿದೆ.

ಆದರೂ ಅವ್ವ ನಾಲ್ಕು ದಿನ ಚಪ್ಪಲಿ ಬಿಡಲಿಲ್ಲ. ಕೈ ಅಭ್ಯಾಸ, ಕಾಲಿನ ಅಭ್ಯಾಸ. ಲಗ್ನದ ಸುರಗಿ ಶಾಸ್ತ್ರದ ದಿನ ಅಡುಗೆಮನೆ ತುಂಬ ಹೆಂಗಸರು. ಯಾರೋ ಮಜ್ಜಿಗೆಗೆ, ಯಾರೋ ಹೂವಿಗೆ ಅಂತ ಬರಿಗಾಲಲ್ಲಿ ಬಂದು ಫ್ರಿಜ್ ತೆಗೆದು ಮುಚ್ಚುತ್ತಿದ್ದರು. ಅವ್ವ ಒಂದು ಮೂಲೆಯಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಆ ಹವಾಯಿ ಚಪ್ಪಲಿ ಹಿತ್ತಲ ಬಚ್ಚಲ ಬಾಗಿಲಲ್ಲಿ ಇದ್ದವು.

ಹೋದ ವಾರ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. "ಅಕ್ಕಾರ, ಲಗ್ನದ ಫೋಟೊ ಪಡಸಾಲ್ಯಾಗ ಹಾಕಬೇಕ್ರಿ. ಟಿವಿ ಮ್ಯಾಲ ಮೊಳಿ ಹೊಡಿಲೇನ್ರಿ?" ಅಂದಳು. ಒಂದು ನಿಮಿಷ ತಡಿ ಅಂದು ಆ ಗೋಡೆಯ ಫೋಟೊ ಹುಡುಕಿದೆ. ಗಿಲಾವಿಲ್ಲದ ಕೆಂಪು ಇಟ್ಟಿಗೆ, ಅದರ ಮೇಲೆ ಟೇಪು, ಟೇಪು ಹಿಡಿದ ಅವ್ವನ ಕೈ, ಬಾಕ್ಸಿನಿಂದ ನೇರ ಮೇಲೆ ಹತ್ತಿದ ಪೈಪು. ಫೋಟೊ ಅವಳಿಗೆ ಕಳಿಸಿ, "ಟಿವಿ ನಡುವಿನಿಂದ ಬಲಕ್ಕ ಒಂದು ಅಡಿ ಬಿಟ್ಟು ಹೊಡಿ" ಅಂದೆ.